ಆ್ಯಡ್ ಕಂಪನಿ ಷೇರು ನೋಡೋವಾಗ ರೆವಿನ್ಯೂ ಓದೋದು ಹೇಗೆ: ನನ್ನ ನೋಟ್ಸ್

ಡಿಜಿಟಲ್ ಜಾಹೀರಾತು ಕಂಪನಿಗಳ ಆನ್ಯುಯಲ್ ರಿಪೋರ್ಟ್ ಓದೋಕೆ ಈಗಷ್ಟೇ ಕೂತಿರೋರಿಗೆ ಇದು. ಪಿಇ, ಮಾರ್ಜಿನ್, ಕ್ಯಾಶ್ ಫ್ಲೋ ಎಲ್ಲ ಗೊತ್ತಿದೆ ಅಂದ್ಕೊಂಡು ಬರೀತಿದೀನಿ. ಬೇರೆ ಸೆಕ್ಟರ್‌ನಲ್ಲಿ ಕಲ್ತಿದ್ದು ಇಲ್ಲಿ ಕೈ ಕೊಡೋದು ಮೊದಲನೇ ಸಾಲಿನಲ್ಲೇ, ಅಂದ್ರೆ ರೆವಿನ್ಯೂನಲ್ಲಿ. ಅದಕ್ಕೇ ಈ ನೋಟ್ಸ್‌ನಲ್ಲಿ ಮುಕ್ಕಾಲು ಭಾಗ ಅದೇ ಇದೆ.

ಯಾರು ಎಲ್ಲಿ ನಿಂತಿದಾರೆ

ಮೆಟಾ ತನ್ನ ಸ್ವಂತ ಜಾಹೀರಾತು ಜಾಗವನ್ನೇ ಮಾರುತ್ತೆ. ಗೂಗಲ್ ಸ್ವಂತ ಜಾಗಾನೂ ಮಾರುತ್ತೆ, ಬೇರೆಯವರ ಸೈಟಲ್ಲಿರೋ ಜಾಗಾನೂ ಮಾರಿಸಿಕೊಡುತ್ತೆ. ಟ್ರೇಡ್ ಡೆಸ್ಕ್ ಜಾಹೀರಾತು ಕೊಡೋರ ಕಡೆ ಕೂತು ಜಾಗ ಕೊಳ್ಳೋಕೆ ಸಾಫ್ಟ್‌ವೇರ್ ಕೊಡುತ್ತೆ. ಮ್ಯಾಗ್ನೈಟ್, ಪಬ್‌ಮ್ಯಾಟಿಕ್ ಪಬ್ಲಿಷರ್ ಕಡೆಯವರು, ಅಂದ್ರೆ ಜಾಗ ಇರೋ ಸೈಟ್, ಆ್ಯಪ್ ಮಾಲೀಕರ ಕಡೆ. ಇಷ್ಟು ಸಾಕು.

ಒಂದೇ ಅಂಕಿ, ಎರಡು ಅರ್ಥ

2023ರಲ್ಲಿ ಟ್ರೇಡ್ ಡೆಸ್ಕ್ ತೋರಿಸಿದ ರೆವಿನ್ಯೂ ಸುಮಾರು 194.6 ಕೋಟಿ ಡಾಲರ್. ಅದೇ ವರ್ಷ ಕ್ರಿಟಿಯೋ ಅನ್ನೋ ಇನ್ನೊಂದು ಆ್ಯಡ್ ಕಂಪನಿ ತೋರಿಸಿದ್ದು ಸುಮಾರು 194.9 ಕೋಟಿ. ಪಕ್ಕಪಕ್ಕ ಇಟ್ಟು ನೋಡಿದ್ರೆ ಎರಡೂ ಒಂದೇ ಸೈಜಿನ ಕಂಪನಿ ಅನ್ಸುತ್ತೆ, ಆದ್ರೆ ಟ್ರೇಡ್ ಡೆಸ್ಕ್ ಮೂಲಕ ಆ ವರ್ಷ ಹರಿದ ಜಾಹೀರಾತು ಖರ್ಚು ಸುಮಾರು 960 ಕೋಟಿ ಡಾಲರ್, ಅದ್ರಲ್ಲಿ ತನ್ನ ಪಾಲಿಗೆ ಬಂದಿದ್ದನ್ನ ಮಾತ್ರ ಅದು ರೆವಿನ್ಯೂ ಅಂತ ತೋರಿಸ್ತು. ಕ್ರಿಟಿಯೋ ಲೆಕ್ಕದಲ್ಲಿ ಪಬ್ಲಿಷರ್‌ಗಳಿಗೆ ಕೊಡಬೇಕಾದ ದುಡ್ಡೂ ರೆವಿನ್ಯೂ ಒಳಗೇ ಸೇರಿದೆ, ಅದನ್ನ ಕಳೆದ್ರೆ ಉಳಿಯೋದು ಸುಮಾರು 102 ಕೋಟಿ. ಈ ಉಳಿಕೆಯನ್ನ ಅವರು ಬೇರೆ ಸಾಲಿನಲ್ಲಿ ಕೊಡ್ತಾರೆ, ಕಾಂಟ್ರಿಬ್ಯೂಷನ್ ಎಕ್ಸ್ ಟಿಎಸಿ ಅಂತ. ಟಿಎಸಿ ಅಂದ್ರೆ ಟ್ರಾಫಿಕ್ ತರೋಕೆ ಕೊಟ್ಟ ದುಡ್ಡು.

ಯಾರೂ ಇಲ್ಲಿ ಸುಳ್ಳು ಲೆಕ್ಕ ಬರೆದಿಲ್ಲ. ಎರಡೂ ಅಮೆರಿಕದ ಲೆಕ್ಕಪತ್ರ ನಿಯಮ ಎಎಸ್‌ಸಿ 606 ಪ್ರಕಾರಾನೇ ಇದೆ, ಅಂತಾರಾಷ್ಟ್ರೀಯ ನಿಯಮ ಐಎಫ್‌ಆರ್‌ಎಸ್ 15ರಲ್ಲೂ ಇದೇ ವಿಚಾರ. ಅಲ್ಲಿ ಕೇಳೋ ಪ್ರಶ್ನೆ ಇಷ್ಟೇ: ಗಿರಾಕಿಗೆ ಕೊಡೋದಕ್ಕೆ ಮುಂಚೆ ಆ ಜಾಗ ನಿಮ್ಮ ಹಿಡಿತದಲ್ಲಿತ್ತಾ? ಬೆಲೆ ನೀವೇ ಇಟ್ರಾ, ಜಾಗ ಮಾರಾಟ ಆಗ್ದೇ ಹೋದ್ರೆ ನಷ್ಟ ನಿಮ್ದಾ? ಹೌದಾದ್ರೆ ನೀವು ಪ್ರಿನ್ಸಿಪಲ್, ಪೂರ್ತಿ ಮೊತ್ತ ರೆವಿನ್ಯೂ. ಇಲ್ಲಾಂದ್ರೆ ನೀವು ಏಜೆಂಟ್, ನಿಮ್ಮ ಫೀಸು ಮಾತ್ರ ರೆವಿನ್ಯೂ. ಮನೆ ಮಾರಿಸಿಕೊಟ್ಟ ಬ್ರೋಕರ್ ಮನೆ ಬೆಲೆಯನ್ನ ತನ್ನ ಆದಾಯ ಅಂತ ಬರಿಯಲ್ಲ, ಕಮಿಷನ್ ಬರೀತಾನೆ. ಅದೇ ಮನೆಯನ್ನ ತಾನೇ ಕೊಂಡು ಮಾರಿದ್ರೆ ಪೂರ್ತಿ ಬೆಲೆ ಬರೀತಾನೆ.

ಈಗ ಇದನ್ನ ಅಂಕಿ ಹಾಕಿ ನೋಡಲೇಬೇಕು, ಬರೀ ಓದಿದ್ರೆ ತಲೆಯಲ್ಲಿ ನಿಲ್ಲಲ್ಲ. ಗಿರಾಕಿ 100 ಕೊಟ್ಟ, ಪಬ್ಲಿಷರ್‌ಗೆ 80 ಹೋಯ್ತು, ಕಂಪನಿಗೆ 20 ಉಳೀತು, ಸಂಬಳ ಸರ್ವರ್ ಎಲ್ಲ ಸೇರಿ 15 ಖರ್ಚು, ಲಾಭ 5. ತೆರಿಗೆ ಸದ್ಯಕ್ಕೆ ಬಿಡಿ.

ಗ್ರಾಸ್ ಆಗಿ (ಪ್ರಿನ್ಸಿಪಲ್ ಥರ ಪೂರ್ತಿ ಮೊತ್ತ) ಬರೆದ್ರೆ ರೆವಿನ್ಯೂ 100, ಲಾಭ 5, ಮಾರ್ಜಿನ್ 5%.
ನೆಟ್ ಆಗಿ (ಏಜೆಂಟ್ ಥರ ಫೀಸು ಮಾತ್ರ) ಬರೆದ್ರೆ ರೆವಿನ್ಯೂ 20, ಲಾಭ 5, ಮಾರ್ಜಿನ್ 25%.

ಮಾರ್ಕೆಟ್ ಈ ಕಂಪನಿಗೆ 100 ಬೆಲೆ ಕಟ್ಟಿದೆ ಅಂತಿಟ್ಕೊಳ್ಳಿ. ಪ್ರೈಸ್ ಟು ಸೇಲ್ಸ್ (ಆ ಬೆಲೆಯನ್ನ ರೆವಿನ್ಯೂನಿಂದ ಭಾಗಿಸಿದ್ದು) ಮೊದಲನೇದ್ರಲ್ಲಿ 1, ಎರಡನೇದ್ರಲ್ಲಿ 5. ಷೇರು ಸೋಸೋ ಸ್ಕ್ರೀನರ್‌ನಲ್ಲಿ ಫಿಲ್ಟರ್ ಹಾಕಿದ್ರೆ ಒಂದು ಭಾರೀ ಅಗ್ಗ ಅಂತ ಮೇಲೆ ಬರುತ್ತೆ, ಇನ್ನೊಂದು ದುಬಾರಿ ಅಂತ ಕಾಣಿಸೋದೇ ಇಲ್ಲ. ವ್ಯಾಪಾರ ಮಾತ್ರ ಒಂದೇ! ಪಿಇ ಎರಡಕ್ಕೂ 20, ಬ್ಯಾಂಕಿಗೆ ಬಂದ ದುಡ್ಡೂ ಅಷ್ಟೇ. ಹಾಗಾಗಿ ನಾನು ಪಟ್ಟು ಹಿಡಿದು ಮಾಡೋ ಶಾರ್ಟ್‌ಕಟ್ ಏನಂದ್ರೆ, ಯಾವ ಆ್ಯಡ್ ಕಂಪನಿ ಸಿಕ್ಕಿದ್ರೂ ಮೊದಲು ಪಬ್ಲಿಷರ್ ಪಾಲು ಕಳೆದು ಆ 20ಕ್ಕೆ ಬರೋದು, ಆಮೇಲೆ ಮಾರ್ಜಿನ್, ಸೇಲ್ಸ್ ರೇಶಿಯೋ, ಬೆಳವಣಿಗೆ ಎಲ್ಲಾನೂ ಅದ್ರ ಮೇಲೇ ಹಾಕೋದು. ಕ್ರಿಟಿಯೋಗೆ 102, ಟ್ರೇಡ್ ಡೆಸ್ಕ್‌ಗೆ 194.6, ಈಗ ಹೋಲಿಸಬಹುದು.

ಆ 20ನ್ನ 100ರಿಂದ ಭಾಗಿಸಿದ್ರೆ ಟೇಕ್ ರೇಟ್. ಟ್ರೇಡ್ ಡೆಸ್ಕ್‌ದು 2023ರಲ್ಲಿ 20% ಆಸುಪಾಸು. ಇದನ್ನ ವರ್ಷದಿಂದ ವರ್ಷಕ್ಕೆ ನೋಡ್ತಾ ಹೋಗಿ. ಖರ್ಚು ಬೆಳೀತಾ ಟೇಕ್ ರೇಟ್ ಇಳೀತಿದ್ರೆ ಪೈಪೋಟಿಗೆ ಬೆಲೆ ಬಿಟ್ಟುಕೊಡ್ತಿದಾರಾ ಅಂತ ಕೇಳ್ಬೇಕು. ಟೇಕ್ ರೇಟ್ ತುಂಬಾ ಏರ್ತಿದ್ರೂ ನನಗೆ ಸಮಾಧಾನ ಇಲ್ಲ, ಗಿರಾಕಿ ಬೇರೆ ದಾರಿ ಹುಡುಕೋದು ಆಗ್ಲೇ.

ಗೂಗಲ್‌ದು ಸ್ವಲ್ಪ ಕಲಸು. 2023ರ ಜಾಹೀರಾತು ಆದಾಯ ಸುಮಾರು 23,786 ಕೋಟಿ ಡಾಲರ್, ಟಿಎಸಿ ಸುಮಾರು 5,090 ಕೋಟಿ. ಆದ್ರೆ ಈ ಟಿಎಸಿ ಒಳಗೆ ಪಬ್ಲಿಷರ್ ಪಾಲಿನ ಜೊತೆಗೆ, ಬ್ರೌಸರ್ ಮತ್ತು ಫೋನಿನಲ್ಲಿ ಸರ್ಚ್ ಇಡೋಕೆ ಆ್ಯಪಲ್ ಥರದವರಿಗೆ ಕೊಡೋದೂ ಸೇರಿದೆ. ಎರಡನ್ನೂ ಒಂದೇ ಅಂತ ಓದ್ಬೇಡಿ.

ಬಾಕಿ ಲೆಕ್ಕಕ್ಕೂ ಇದೇ ತೊಡಕು

ನೆಟ್ ಆಗಿ ಬರಿಯೋ ಕಂಪನಿ ರೆವಿನ್ಯೂ 20 ತೋರಿಸಿದ್ರೂ ಗಿರಾಕಿಯಿಂದ ವಸೂಲಿ ಮಾಡ್ಬೇಕಿರೋದು ಪೂರ್ತಿ 100. ಟ್ರೇಡ್ ಡೆಸ್ಕ್ ಬ್ಯಾಲೆನ್ಸ್ ಶೀಟಲ್ಲಿ 2023ರ ಕೊನೆಗೆ ಬರಬೇಕಾದ ಬಾಕಿ ಸುಮಾರು 287 ಕೋಟಿ, ಅಂದ್ರೆ ಇಡೀ ವರ್ಷದ ರೆವಿನ್ಯೂಗಿಂತ ಜಾಸ್ತಿ. ಎಂದಿನ ಹಾಗೆ ರೆವಿನ್ಯೂನಿಂದ ಭಾಗಿಸಿದ್ರೆ ವಸೂಲಿಗೆ 500 ದಿನ ದಾಟುತ್ತೆ ಅಂತ ಬಂದು ಗಾಬರಿ ಆಗುತ್ತೆ. 960ರಿಂದ ಭಾಗಿಸಿ, 110 ದಿನದ ಹತ್ರ ಬರುತ್ತೆ. ಅದೂ ವರ್ಷದ ಕೊನೇ ಮೂರು ತಿಂಗಳು ಜಾಹೀರಾತು ಸೀಸನ್ ಆಗಿರೋದ್ರಿಂದ ಉಬ್ಬಿದ ಲೆಕ್ಕ.

ಆದ್ರೂ ಬಾಕಿ ಅಪಾಯ ಸಣ್ಣದಲ್ಲ. ದುಡ್ಡು ಜಾಹೀರಾತುದಾರ, ಏಜೆನ್ಸಿ, ಕೊಳ್ಳೋ ಪ್ಲಾಟ್‌ಫಾರ್ಮ್, ಮಾರೋ ಪ್ಲಾಟ್‌ಫಾರ್ಮ್, ಪಬ್ಲಿಷರ್ ಅಂತ ಸಾಲಾಗಿ ಇಳಿಯುತ್ತೆ, ನಡುವೆ ಒಬ್ಬರು ಮುಳುಗಿದ್ರೆ ಕೆಳಗಿನವರಿಗೆ ಏಟು. 2023ರ ಜೂನ್ ಕೊನೆಗೆ ಕೊಳ್ಳೋ ಪ್ಲಾಟ್‌ಫಾರ್ಮ್ ಆಗಿದ್ದ ಮೀಡಿಯಾಮ್ಯಾಥ್ ದಿವಾಳಿ ಅರ್ಜಿ ಹಾಕಿದಾಗ ಮ್ಯಾಗ್ನೈಟ್, ಪಬ್‌ಮ್ಯಾಟಿಕ್ ಇಬ್ಬರಿಗೂ ಬರಬೇಕಾದ ದುಡ್ಡು ಸಿಕ್ಕಿಹಾಕ್ಕೊಳ್ತು. 20 ಗಳಿಸೋಕೆ 100ರ ಬಾಕಿ ಹೊರೋ ವ್ಯಾಪಾರ ಇದು, ಒಂದು ಬಾಕಿ ಮುಳುಗಿದ್ರೆ ಅಂಥ ನಾಲ್ಕೈದು ವ್ಯವಹಾರದ ಫೀಸು ಹೋದ ಹಾಗೆ.

ಉಳಿದದ್ದು ಬೇಗ ಬೇಗ

ಕ್ವಾರ್ಟರ್ ಹೋಲಿಸೋವಾಗ ಹೋದ ವರ್ಷದ ಅದೇ ಕ್ವಾರ್ಟರ್ ಜೊತೆ ಹೋಲಿಸಿ, ಜನವರಿ–ಮಾರ್ಚ್ ಯಾವಾಗ್ಲೂ ಸೊರಗಿರುತ್ತೆ.

ಅಡ್ಜಸ್ಟೆಡ್ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ, ಷೇರು ರೂಪದ ಸಂಬಳದಂಥ ಖರ್ಚು ಕಳೆಯೋಕೆ ಮುಂಚಿನ ಲಾಭ) ಒಂದನ್ನೇ ನಂಬಬೇಡಿ. ಟ್ರೇಡ್ ಡೆಸ್ಕ್‌ದು 2023ರಲ್ಲಿ ಸುಮಾರು 77 ಕೋಟಿ ಡಾಲರ್, ನಿವ್ವಳ ಲಾಭ ಸುಮಾರು 18 ಕೋಟಿ. ನಡುವಿನ ದೊಡ್ಡ ಪಾಲು ಉದ್ಯೋಗಿಗಳಿಗೆ ಷೇರು ರೂಪದಲ್ಲಿ ಕೊಟ್ಟಿದ್ದು. ನಗದು ಹೋಗಿಲ್ಲ ನಿಜ, ಆದ್ರೆ ನಮ್ಮ ಪಾಲು ತೆಳ್ಳಗಾಗುತ್ತೆ, ಅದು ಖರ್ಚೇ.

ಬೇರೆಯವರ ಫೋನು, ಬೇರೆಯವರ ಬ್ರೌಸರ್ ಮೇಲೆ ನಿಂತ ವ್ಯಾಪಾರ ಅನ್ನೋದೂ ನೆನಪಿರಲಿ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಒಎಸ್ 14.5ರಲ್ಲಿ ಟ್ರ್ಯಾಕಿಂಗ್‌ಗೆ ಬಳಕೆದಾರರ ಒಪ್ಪಿಗೆ ಕೇಳೋದು ಕಡ್ಡಾಯ ಮಾಡ್ತು. 2022ರ ಫೆಬ್ರವರಿಯಲ್ಲಿ ಮೆಟಾ ಇದ್ರಿಂದ ಆ ವರ್ಷ 1,000 ಕೋಟಿ ಡಾಲರ್ ಹತ್ರ ಹೊಡೆತ ಬೀಳುತ್ತೆ ಅಂತ ಹೇಳಿದ ಮರುದಿನ ಷೇರು 26% ಬಿತ್ತು.

ಬೆಲೆಯಲ್ಲಿ ಎಷ್ಟು ನಿರೀಕ್ಷೆ ತುಂಬಿದೆ ಅನ್ನೋದು ಕೊನೇದು. 2024ರ ಕೊನೇ ಕ್ವಾರ್ಟರ್‌ಗೆ ಟ್ರೇಡ್ ಡೆಸ್ಕ್ ರೆವಿನ್ಯೂ ಕನಿಷ್ಠ 75.6 ಕೋಟಿ ಡಾಲರ್ ಬರುತ್ತೆ ಅಂತ ಹೇಳಿತ್ತು, ಬಂದಿದ್ದು 74.1 ಕೋಟಿ. ಹಿಂದಿನ ವರ್ಷದ ಅದೇ ಕ್ವಾರ್ಟರ್‌ಗಿಂತ 22% ಜಾಸ್ತಿನೇ, ಆದ್ರೂ 2025ರ ಫೆಬ್ರವರಿಯಲ್ಲಿ ಒಂದೇ ದಿನಕ್ಕೆ ಷೇರು ಮೂರನೇ ಒಂದು ಭಾಗ ಕಳ್ಕೊಳ್ತು.

ರಿಪೋರ್ಟ್ ತೆಗೆದಾಗ ಎಲ್ಲಿ ಹುಡುಕಬೇಕು ಅಂದ್ರೆ, ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ರೆವಿನ್ಯೂ ರೆಕಗ್ನಿಷನ್ ಅನ್ನೋ ಭಾಗ. ಅಲ್ಲಿ ಪ್ರಿನ್ಸಿಪಲ್, ಏಜೆಂಟ್ ಅನ್ನೋ ಪದ ಇದ್ದೇ ಇರುತ್ತೆ. ಒಂದೇ ಕಂಪನಿ ಒಂದು ಪ್ರಾಡಕ್ಟ್‌ಗೆ ಗ್ರಾಸ್, ಇನ್ನೊಂದಕ್ಕೆ ನೆಟ್ ಬರೆದಿರೋದೂ ಉಂಟು, ಹಾಗಾಗಿ ಆ ಪ್ಯಾರಾ ಪೂರ್ತಿ ಓದಿ. ಎರಡರ ಪ್ರಮಾಣ ಬದಲಾದ್ರೂ ಸಾಕು, ವ್ಯಾಪಾರ ಕದಲದೆ ರೆವಿನ್ಯೂ ಮಾತ್ರ ಏರುತ್ತೆ ಇಲ್ಲ ಇಳಿಯುತ್ತೆ.