ಆನ್‌ಲೈನ್ ಕೋರ್ಸ್ ಒಬ್ಬರದೇ ತಲೆಗೆ ಬಂದದ್ದು ಹೇಗೆ?

ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಆನ್‌ಲೈನ್ ಕೋರ್ಸ್ ಒಪ್ಪಿಸಿದಾಗ ಜೊತೆಗೆ ಏನು ಸಿಗುತ್ತದೆ? ಒಂದು ಲಾಗಿನ್. ಒಂದೆರಡು ತರಬೇತಿ ವಿಡಿಯೊ. ಆಮೇಲೆ 'ಅಧ್ಯಾಪಕರಿಗೆ ಸಂಪನ್ಮೂಲಗಳು' ಅಂತ ಉದ್ದದ ಲಿಂಕುಗಳ ಪಟ್ಟಿ. ಅದರಲ್ಲಿ ಬಹುಪಾಲು ಯಾವ ಬಟನ್ ಎಲ್ಲಿದೆ ಅನ್ನುವುದರ ಬಗ್ಗೆಯೇ. ತರಗತಿಯ ಪಾಠವನ್ನು ಹೇಗೆ ಮುರಿದು ಕಟ್ಟಬೇಕು, ಎರಡನೇ ವಾರಕ್ಕೇ ನಾಪತ್ತೆಯಾದ ವಿದ್ಯಾರ್ಥಿಯನ್ನು ಹೇಗೆ ವಾಪಸ್ ಕರೆತರಬೇಕು, ಇದಕ್ಕೆಲ್ಲ ಹೊತ್ತು ಎಲ್ಲಿಂದ ತರಬೇಕು ಅಂತ ಕೇಳಿದರೆ ಪಟ್ಟಿ ಸುಮ್ಮನಾಗುತ್ತದೆ.

ಯಾರೋ ಬೇಕಂತಲೇ ಹೀಗೆ ಮಾಡಿದ್ದಲ್ಲ. ದೂರದಿಂದ ಕಲಿಸುವ ಕೆಲಸ ಒಂದು ಕಾಲಕ್ಕೆ ಹತ್ತಾರು ಜನ ಸೇರಿ ಮಾಡುವಂಥದ್ದಾಗಿತ್ತು. ಅದು ಒಬ್ಬರ ಕೆಲಸವಾದದ್ದು ಆಮೇಲೆ.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯನ್ನೇ ನೋಡಿ. 1969ರಲ್ಲಿ ಅದಕ್ಕೆ ಅಧಿಕೃತ ಸನ್ನದು ಸಿಕ್ಕಿತು, 1971ರ ಜನವರಿಯಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಓದು ಶುರು ಮಾಡಿದರು. ಅಲ್ಲಿ ಒಂದು ಕೋರ್ಸನ್ನು ಒಬ್ಬ ಪ್ರೊಫೆಸರ್ ಕೂತು ಬರೆಯುತ್ತಿರಲಿಲ್ಲ. ಅದಕ್ಕೆ 'ಕೋರ್ಸ್ ಟೀಮ್' ಇರುತ್ತಿತ್ತು. ವಿಷಯ ಬಲ್ಲ ಹಲವರು, ಬಿಬಿಸಿಯ ನಿರ್ಮಾಪಕರು, ಸಂಪಾದಕರು, ಕಲಿಕೆಯ ವಿನ್ಯಾಸ ನೋಡಿಕೊಳ್ಳುವವರು ಎಲ್ಲ ಸೇರಿ ತಿಂಗಳುಗಟ್ಟಲೆ ಕರಡು ತಿದ್ದುತ್ತಿದ್ದರು. ವಿದ್ಯಾರ್ಥಿಗಳ ಉತ್ತರ ಓದಿ ಟಿಪ್ಪಣಿ ಬರೆದು ಕಳಿಸುವ ಟ್ಯೂಟರ್‌ಗಳು ಬೇರೆಯೇ ಇದ್ದರು. ಬರೆಯುವವರು ಒಂದು ಕಡೆ, ತಿದ್ದುವವರು ಇನ್ನೊಂದು ಕಡೆ, ಅಂಚೆ ಮತ್ತು ಪ್ರಸಾರದ ವ್ಯವಸ್ಥೆ ಮತ್ತೊಂದು ಕಡೆ. ಖರ್ಚು ಜಾಸ್ತಿ, ನಿಜ. ಆದರೆ ಸಾವಿರಾರು ವಿದ್ಯಾರ್ಥಿಗಳಿಗೆ ಹಂಚಿದಾಗ ಅದು ಗಿಟ್ಟುತ್ತಿತ್ತು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿಸಲೆಂದೇ ಮಾಡಿದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆ ಬೆಳೆಯುತ್ತಿತ್ತು. ಶುರುವಾದದ್ದು 1960ರಲ್ಲಿ. ಅಧ್ಯಾಪಕರೇ ಪಾಠ ಬರೆಯಲಿ ಅಂತ ಅದಕ್ಕೆ 'ಟ್ಯೂಟರ್' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಮಾಡಿದರು. 'ಮೇಷ್ಟ್ರೇ ಮಾಡಿಕೊಳ್ಳಲಿ, ನಾವು ಸಾಧನ ಕೊಡೋಣ' ಅನ್ನುವ ಯೋಚನೆಯ ಬೇರು ಇಲ್ಲಿದೆ ಅಂತ ನನಗನಿಸುತ್ತದೆ.

ವೆಬ್ ಬಂದಮೇಲೆ ಈ ಯೋಚನೆಯೇ ಗೆದ್ದಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದ ಮರ್ರೆ ಗೋಲ್ಡ್‌ಬರ್ಗ್ ಪಾಠಗಳನ್ನು ವೆಬ್‌ಗೆ ಏರಿಸಲು ಸಲಕರಣೆಗಳನ್ನು ಕಟ್ಟಿಕೊಂಡರು. 1990ರ ದಶಕದ ಮಧ್ಯದಲ್ಲಿ ಅದೇ ವೆಬ್‌ಸಿಟಿ (WebCT) ಎಂಬ ಕೋರ್ಸ್ ನಡೆಸುವ ಸಾಫ್ಟ್‌ವೇರ್ ಆಯಿತು. 1997ರಲ್ಲಿ ಅಂಥದ್ದೇ ಸಾಫ್ಟ್‌ವೇರ್ ಮಾರುವ ಬ್ಲ್ಯಾಕ್‌ಬೋರ್ಡ್ ಕಂಪನಿ ಹುಟ್ಟಿತು. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಡೌಗಿಯಾಮಸ್ ಅದರಿಂದ ಬೇಸತ್ತು ತಾವೇ ಮೂಡಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬರೆಯಲು ಕೂತರು, 2002ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು, ಅದೂ ಪುಕ್ಕಟೆಯಾಗಿ ಮತ್ತು ಯಾರು ಬೇಕಾದರೂ ತಿದ್ದಿಕೊಳ್ಳಬಹುದು ಎನ್ನುವ ಷರತ್ತಿನಲ್ಲಿ. ಆತ ಹುಡುಗನಾಗಿದ್ದಾಗ ಮರುಭೂಮಿಯ ಒಂಟಿ ಊರಿನಲ್ಲಿ ಕೂತು ರೇಡಿಯೊ ಮೂಲಕ ಶಾಲೆ ಓದಿದವರು. ಹಾಗಾಗಿಯೋ ಏನೋ, ಮೂಡಲ್‌ನಲ್ಲಿ ಚರ್ಚೆಯ ವೇದಿಕೆಗೆ ಮೊದಲಿನಿಂದಲೂ ದೊಡ್ಡ ಜಾಗ.

ಈ ಸಾಫ್ಟ್‌ವೇರುಗಳಿಗೆ ಎಲ್‌ಎಂಎಸ್, ಅಂದರೆ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನುತ್ತಾರೆ. ಇವು ಒಳ್ಳೆಯದನ್ನೂ ಮಾಡಿದವು, ಅದರಲ್ಲಿ ಅನುಮಾನ ಬೇಡ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆ ಗೊತ್ತಿಲ್ಲದ ಇತಿಹಾಸದ ಮೇಡಂ ಕೂಡ ಒಂದು ಮಧ್ಯಾಹ್ನದಲ್ಲಿ ಕೋರ್ಸ್ ಪುಟ ತೆರೆಯಬಹುದು ಅಂತಾಯಿತು. ಆದರೆ ಓಪನ್ ಯೂನಿವರ್ಸಿಟಿಯ ಟೀಮ್ ಮಾಡುತ್ತಿದ್ದ ಕೆಲಸಗಳೆಲ್ಲ ಸದ್ದಿಲ್ಲದೆ ಆ ಮೇಡಂ ಪಾಲಿಗೆ ಬಂದವು. ಬರೆಯೋದು, ಸಂಪಾದಿಸೋದು, ವಿಡಿಯೊ ಮಾಡೋದು, ಪರೀಕ್ಷೆ ಕೂರಿಸೋದು, ತಿದ್ದೋದು, 'ಮೇಡಂ ಫೈಲ್ ಓಪನ್ ಆಗ್ತಿಲ್ಲ' ಅನ್ನುವ ಮೇಲ್‌ಗೆ ಉತ್ತರಿಸೋದು.

ಇದು ಎಷ್ಟು ಪಿರಿಪಿರಿಯ ಕೆಲಸ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ಹಳೆಯ ಕೋರ್ಸನ್ನು ಹೊಸ ಸೆಮಿಸ್ಟರ್‌ಗೆ ಕಾಪಿ ಮಾಡಿದಿರಿ ಅಂದುಕೊಳ್ಳಿ. ಪಾಠ, ಕ್ವಿಜ್, ಅಸೈನ್‌ಮೆಂಟ್ ಎಲ್ಲ ಬಂತು. ಜೊತೆಗೆ ಹೋದ ವರ್ಷದ ತಾರೀಕುಗಳೂ ಬಂದವು. ಮೊದಲ ಕ್ವಿಜ್ ಶುರುವಾಗುವ ಮುಂಚೆಯೇ ಮುಚ್ಚಿ ಕೂತಿದೆ. ಮೂರನೇ ಪಾಠದ ಲಿಂಕ್ ಹಳೆಯ ಕೋರ್ಸಿಗೇ ಹೋಗುತ್ತದೆ, ನಿಮಗೆ ಹಳೆಯದಕ್ಕೂ ಪ್ರವೇಶ ಇರುವುದರಿಂದ ಸಲೀಸಾಗಿ ತೆರೆದುಕೊಳ್ಳುತ್ತದೆ, ವಿದ್ಯಾರ್ಥಿಗೆ ಮಾತ್ರ ಅನುಮತಿ ಇಲ್ಲ ಅಂತ ಬರುತ್ತದೆ. ಅಂಕ ಲೆಕ್ಕ ಹಾಕುವ ಗ್ರೇಡ್‌ಬುಕ್ಕಿನಲ್ಲಿ ಒಂದು ಹಳೆಯ ಪ್ರಾಜೆಕ್ಟ್ ಅಳಿಸದೆ ಉಳಿದು ಒಟ್ಟು ಶೇಕಡಾ 105 ಆಗಿದೆ. ಇದರಲ್ಲಿ ಹೆಚ್ಚಿನದನ್ನು ಹಿಡಿಯಲು ಇರುವ ಸುಲಭದ ದಾರಿ ಒಂದೇ: ಎಲ್‌ಎಂಎಸ್‌ನಲ್ಲಿ 'ವಿದ್ಯಾರ್ಥಿಯಾಗಿ ನೋಡಿ' ಅನ್ನುವ ಸೌಲಭ್ಯ ಇರುತ್ತದಲ್ಲ, ಅದನ್ನು ಒತ್ತಿ ಮೊದಲ ಪುಟದಿಂದ ಕೊನೆಯವರೆಗೆ ಒಂದು ಸುತ್ತು ಹಾಕೋದು. ಯಾವ ತರಬೇತಿಯಲ್ಲೂ ಇದಕ್ಕಿಂತ ಉಪಯುಕ್ತ ಅರ್ಧ ಗಂಟೆ ಇಲ್ಲ.

ಸಾಧನ ಕೈಗೆ ಬಂದ ಕೂಡಲೇ ಜಗಳವೂ ಬಂತು. ಕೋರ್ಸ್ ಯಾರ ಸ್ವತ್ತು? 1997ರಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯ, ಕಲೆ ಮತ್ತು ವಿಜ್ಞಾನ ವಿಭಾಗಗಳ ಎಲ್ಲ ಕೋರ್ಸುಗಳಿಗೂ ವೆಬ್‌ಸೈಟ್ ಇರಬೇಕು ಅಂತ ನಿಯಮ ಮಾಡಿತು. ಅದೇ ವರ್ಷ ಟೊರಾಂಟೋದ ಯಾರ್ಕ್ ವಿಶ್ವವಿದ್ಯಾಲಯದ ಅಧ್ಯಾಪಕರು ಮುಷ್ಕರ ಹೂಡಿದರು, ತಂತ್ರಜ್ಞಾನದ ಬಳಕೆಯಲ್ಲಿ ತಮ್ಮ ಮಾತಿಗೂ ಬೆಲೆ ಇರಬೇಕು ಅನ್ನುವುದು ಅವರ ಬೇಡಿಕೆಗಳಲ್ಲೊಂದು. ಅಲ್ಲಿನ ಇತಿಹಾಸಕಾರ ಡೇವಿಡ್ ನೋಬಲ್ 1998ರಲ್ಲಿ ಕಟುವಾದ ಲೇಖನ ಬರೆದು, ಪಾಠವನ್ನು ಒಮ್ಮೆ ಸರ್ವರ್‌ಗೆ ಏರಿಸಿದ ಮೇಲೆ ಪಾಠ ಮಾಡಿದವರೇ ಬೇಡವಾಗಬಹುದು ಎಂದು ಎಚ್ಚರಿಸಿದರು. ಅವರ ಭಯ ಪೂರ್ತಿ ನಿಜವಾಗಲಿಲ್ಲ, ಅಧ್ಯಾಪಕರು ಇನ್ನೂ ಬೇಕಾಗಿದ್ದಾರೆ. ಆದರೆ ಪ್ರಶ್ನೆ ಹಾಗೇ ಉಳಿಯಿತು. ನೀವು ಕೆಲಸ ಬಿಟ್ಟ ಮೇಲೆ ನಿಮ್ಮ ರೆಕಾರ್ಡಿಂಗ್ ಹಾಕಿಕೊಂಡು ಇನ್ನೊಬ್ಬರು ಕೋರ್ಸ್ ನಡೆಸಬಹುದಾ? ಇದಕ್ಕೆ ಲಿಖಿತ ಉತ್ತರ ಎಷ್ಟೋ ಕಡೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಯಾವ ಸಂಪನ್ಮೂಲ ಪುಟದಲ್ಲೂ ಇದೇ ಮೊದಲ ಸಾಲಾಗಿರಬೇಕು.

ಕಂಪನಿಗಳ ನಡುವೆಯೂ ಕಿತ್ತಾಟ ಕಡಿಮೆ ಇರಲಿಲ್ಲ. 2006ರಲ್ಲಿ ಬ್ಲ್ಯಾಕ್‌ಬೋರ್ಡ್ ವೆಬ್‌ಸಿಟಿಯನ್ನು ಕೊಂಡಿತು. ಅದೇ ವರ್ಷ ಒಂದು ಪೇಟೆಂಟ್ ಹಿಡಿದು ಡಿಸೈರ್‌ಟುಲರ್ನ್ ಎಂಬ ಸಣ್ಣ ಕಂಪನಿಯ ಮೇಲೆ ಕೇಸು ಹಾಕಿತು. ಪೇಟೆಂಟಿನ ಒಂದು ಅಂಶ ಕೇಳಿದರೆ ನಗು ಬರುತ್ತದೆ: ಒಂದೇ ಲಾಗಿನ್‌ನಲ್ಲಿ ಒಬ್ಬರು ಒಂದು ಕೋರ್ಸಿಗೆ ಅಧ್ಯಾಪಕರೂ ಇನ್ನೊಂದಕ್ಕೆ ವಿದ್ಯಾರ್ಥಿಯೂ ಆಗಿರುವ ವ್ಯವಸ್ಥೆ. 2009ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಅದು ಬಿದ್ದುಹೋಯಿತು. ಈ ಗಲಾಟೆಯಲ್ಲಿ ಅಧ್ಯಾಪಕರಿಗೆ ಅರ್ಥವಾದ ಸಂಗತಿ ಏನೆಂದರೆ, ಕಾಲೇಜು ಸಾಫ್ಟ್‌ವೇರ್ ಬದಲಿಸಿದಾಗಲೆಲ್ಲ ವರ್ಷಗಳ ಕೆಲಸ ಮತ್ತೆ ಕೈಯಿಂದ ಕಟ್ಟಬೇಕಾಗುತ್ತದೆ. 2008ರಲ್ಲಿ ಬಂದ ಕಾಮನ್ ಕಾರ್ಟ್ರಿಜ್ ಎಂಬ ಮಾನದಂಡ ಕೋರ್ಸನ್ನು ಒಂದೇ ಫೈಲಾಗಿ ಒಯ್ಯುವ ದಾರಿ ಮಾಡಿತು. ಸೆಮಿಸ್ಟರ್ ಮುಗಿದಾಗ ಆ ಫೈಲ್ ಇಳಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಇದನ್ನು ನಿಮಗೆ ಯಾರೂ ಹೇಳಿಕೊಡುವುದಿಲ್ಲ.

ಕಲಿಸುವುದು ಹೇಗೆ ಅನ್ನುವ ಕಡೆಯ ಸಂಪನ್ಮೂಲ ತಡವಾಗಿ ಬಂತು. 1987ರಲ್ಲಿ ಚಿಕರಿಂಗ್ ಮತ್ತು ಗ್ಯಾಮ್ಸನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು ಪದವಿ ತರಗತಿಗಳಿಗೆ ಏಳು ಸೂತ್ರ ಬರೆದಿದ್ದರು. ಬೇಗ ಪ್ರತಿಕ್ರಿಯೆ ಕೊಡಿ, ವಿದ್ಯಾರ್ಥಿಗಳು ಪರಸ್ಪರ ಕಲಿಯುವಂತೆ ಮಾಡಿ, ಅಂಥವು. ಅದನ್ನೇ ಆನ್‌ಲೈನ್‌ಗೂ ಒಗ್ಗಿಸಿದರು. 2000ದಲ್ಲಿ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಕೆನಡಾದ ಸಂಶೋಧಕರು ಆನ್‌ಲೈನ್ ಚರ್ಚೆಗಳನ್ನು ನೋಡಿ, ವಿದ್ಯಾರ್ಥಿಗಳ ಒಡನಾಟ, ಅವರ ಯೋಚನೆ, ಅಧ್ಯಾಪಕರ ಇರುವಿಕೆ ಮೂರೂ ಕೂಡಿದರೆ ಮಾತ್ರ ಕಲಿಕೆ ಆಗುತ್ತದೆ ಅಂದರು. ಚರ್ಚೆಯ ಪ್ರಶ್ನೆ ಹಾಕಿ ವಾರವಿಡೀ ಆ ಕಡೆ ತಲೆ ಹಾಕದಿದ್ದರೆ 'ನಾನೂ ಒಪ್ಪುತ್ತೇನೆ' ಅನ್ನುವ ಉತ್ತರಗಳೇ ಬರುತ್ತವೆ ಅಂತ ಅನುಭವಸ್ಥರಿಗೆ ಮೊದಲೇ ಗೊತ್ತಿತ್ತು ಬಿಡಿ. 2003ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕಾಲೇಜುಗಳು ಸೇರಿ ಕ್ವಾಲಿಟಿ ಮ್ಯಾಟರ್ಸ್ ಶುರು ಮಾಡಿದವು. ಒಬ್ಬರ ಕೋರ್ಸನ್ನು ಸಹೋದ್ಯೋಗಿಗಳು ಒಂದು ಅಳತೆಪಟ್ಟಿ ಹಿಡಿದು ನೋಡುವ ಪದ್ಧತಿ. ಕಲಿಯಬೇಕಾದದ್ದು, ಕೊಟ್ಟ ಸಾಮಗ್ರಿ, ಕೇಳುವ ಪರೀಕ್ಷೆ ಈ ಮೂರೂ ಒಂದಕ್ಕೊಂದು ಹೊಂದುತ್ತವಾ ಅನ್ನುವುದು ಅದರ ಜೀವಾಳ. ಒಳ್ಳೆಯ ಪಟ್ಟಿಯೇ. ಆದರೆ ಅದು ಕೋರ್ಸಿನ ವಿನ್ಯಾಸ ನೋಡುತ್ತದೆ, ಪಾಠ ನಡೆಸಿದ ರೀತಿಯನ್ನಲ್ಲ. ಇದು ಮರೆತ ಆಡಳಿತದವರ ಕೈಗೆ ಸಿಕ್ಕರೆ ಸುಮ್ನೆ ಟಿಕ್ ಹಾಕುವ ಕೆಲಸವಾಗುತ್ತದೆ.

ಸಾಮಗ್ರಿಗಂತೂ ಬರವಿಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಶುರು ಮಾಡಿದ ಮರ್ಲಾಟ್ ಎಂಬ ಪಾಠ ಸಾಮಗ್ರಿಗಳ ಸಂಗ್ರಹ, 2001ರಲ್ಲಿ ಎಂಐಟಿ ತನ್ನ ಪಾಠಗಳನ್ನು ಉಚಿತವಾಗಿ ವೆಬ್‌ಗೆ ಹಾಕಲು ಘೋಷಿಸಿದ ಓಪನ್‌ಕೋರ್ಸ್‌ವೇರ್, 2002ರ ಕೊನೆಗೆ ಬಂದ, ಬರೆದವರೇ ಮರುಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು, 2012ರಿಂದ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯಪುಸ್ತಕಗಳು. ಇನ್ನೊಬ್ಬರ ಒಳ್ಳೆಯ ಪಾಠ ಎತ್ತಿಕೊಂಡು ತಿದ್ದಿ ಬಳಸಲು ಕಾನೂನಿನ ತೊಡಕೂ ಕಡಿಮೆಯಾಯಿತು. ಹುಡುಕಿ, ಓದಿ, ನಮ್ಮ ವಿದ್ಯಾರ್ಥಿಗಳಿಗೆ ಒಗ್ಗಿಸಲು ಬೇಕಾದ ಸಮಯ ಮಾತ್ರ ಯಾರೂ ಉಚಿತವಾಗಿ ಕೊಡಲಿಲ್ಲ.

ಪುಕ್ಕಟೆ ಹಂಚುವುದರಲ್ಲೂ ಕೆಲಸವಿದೆ ಅನ್ನುವುದಕ್ಕೆ ಬರ್ಕ್ಲಿಯ ಕಥೆ ಸಾಕು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹಾಕಿದ್ದ ಉಚಿತ ವಿಡಿಯೊಗಳಲ್ಲಿ ಸರಿಯಾದ ಕ್ಯಾಪ್ಷನ್ ಇಲ್ಲ, ಕಿವಿ ಕೇಳದವರಿಗೆ ಉಪಯೋಗವಿಲ್ಲ ಅಂತ ದೂರು ಹೋಯಿತು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರುದಾರರ ಪರ ನಿಂತಿತು. ವಿಶ್ವವಿದ್ಯಾಲಯ ಎಲ್ಲಕ್ಕೂ ಕ್ಯಾಪ್ಷನ್ ಹಾಕಿಸುವ ಬದಲು 2017ರ ಮಾರ್ಚಿನಲ್ಲಿ 20,000ಕ್ಕೂ ಹೆಚ್ಚು ರೆಕಾರ್ಡಿಂಗುಗಳನ್ನು ಸಾರ್ವಜನಿಕರಿಂದ ಮರೆ ಮಾಡಿತು! ಯಾರಿಗೂ ಉಪಕಾರವಾಗದ ತೀರ್ಮಾನ. ಮೊದಲ ದಿನದಿಂದಲೇ ಕ್ಯಾಪ್ಷನ್ ಹಾಕುತ್ತಾ ಹೋಗಿದ್ದರೆ ಕೆಲಸ ಇಷ್ಟು ರಾಶಿ ಬೀಳುತ್ತಿರಲಿಲ್ಲ.

ಆಮೇಲೆ 2020, ಕೊರೋನಾ. ಯುನೆಸ್ಕೋ ಲೆಕ್ಕದಲ್ಲಿ, ಶಾಲೆ ಕಾಲೇಜು ಸೇರಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದರು. ಅಧ್ಯಾಪಕರು ಒಂದೆರಡು ವಾರದಲ್ಲಿ ಎಲ್ಲವನ್ನೂ ಜೂಮ್‌ಗೆ ಸಾಗಿಸಿದರು. ಆ ಮಾರ್ಚ್ ಕೊನೆಯಲ್ಲೇ ಸಂಶೋಧಕ ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು ಒಂದು ಲೇಖನದಲ್ಲಿ, ಇದು ತುರ್ತಿಗೆ ಮಾಡಿದ ಏರ್ಪಾಟು, ಇದನ್ನು ನೋಡಿ ಆನ್‌ಲೈನ್ ಶಿಕ್ಷಣವನ್ನು ಅಳೆಯಬೇಡಿ ಅಂದರು. ಪೂರ್ತಿ ಆನ್‌ಲೈನ್ ಕೋರ್ಸೊಂದನ್ನು ತಯಾರಿಸಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕು, ಎರಡನೆಯ ಅಥವಾ ಮೂರನೆಯ ಸಲ ಅದೇ ಕೋರ್ಸ್ ನಡೆಸುವಾಗಲೇ ಅಧ್ಯಾಪಕರಿಗೆ ನಿರಾಳ ಅನಿಸುವುದು ಅಂತಲೂ ಬರೆದರು. ಆದರೆ ಪ್ರತಿ ಸೆಮಿಸ್ಟರ್ ಬೇರೆ ಬೇರೆ ಕೋರ್ಸ್ ಕೈಗೆ ಹಿಡಿಸಿದರೆ ಆ ಮೂರನೆಯ ಸಲ ಬರುವುದಾದರೂ ಯಾವಾಗ?

ಈಗ ಎಐ ಸರದಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. 2023ರ ಏಪ್ರಿಲ್ ಹೊತ್ತಿಗೆ ನಕಲು ಪತ್ತೆಯ ಸಾಫ್ಟ್‌ವೇರ್ ಮಾಡುವ ಟರ್ನಿಟಿನ್ ಕಂಪನಿ ಎಐ ಬರಹ ಹಿಡಿಯುವ ಸಾಧನವನ್ನು ಅಧ್ಯಾಪಕರ ಪರದೆಗೆ ತಂದಿತು. ಅದೇ ಆಗಸ್ಟಿನಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದನ್ನು ಬಂದ್ ಮಾಡಿಬಿಟ್ಟಿತು. ಕಾರಣ ಸರಳ ಗಣಿತ. ಶೇಕಡಾ 1ರಷ್ಟೇ ತಪ್ಪು ಅಂತ ಕಂಪನಿ ಹೇಳಿದ್ದನ್ನು ಒಪ್ಪಿದರೂ, ಹಿಂದಿನ ವರ್ಷ ಅಲ್ಲಿ ಸಲ್ಲಿಕೆಯಾದ 75,000 ಬರಹಗಳಲ್ಲಿ ಸುಮಾರು 750ರ ಮೇಲೆ ಸುಳ್ಳು ಆರೋಪ ಬೀಳಬಹುದಿತ್ತು. ಇತ್ತ ಎಲ್‌ಎಂಎಸ್‌ಗಳಲ್ಲಿ ಕ್ವಿಜ್ ತಾನೇ ಬರೆದುಕೊಡುವ ಬಟನ್ನೂ ಬಂದಿದೆ. ಒತ್ತಿದರೆ ಹತ್ತು ಪ್ರಶ್ನೆ ಬರುತ್ತವೆ. ಅದರಲ್ಲಿ ಯಾವುದಕ್ಕೆ ಎರಡು ಸರಿಯುತ್ತರ ಇದೆ, ಯಾವುದು ನಾವು ಕಲಿಸದೇ ಇದ್ದದ್ದನ್ನು ಕೇಳುತ್ತದೆ ಅಂತ ಒಂದೊಂದಾಗಿ ಓದಿ ನೋಡುವ ಕೆಲಸವನ್ನು ಕಾಲೇಜಿನ ವರ್ಕ್‌ಲೋಡ್ ಲೆಕ್ಕದಲ್ಲಿ ಯಾವ ಕಾಲಮ್ಮಿಗೆ ಬರೆಯಬೇಕು ಅನ್ನುವುದನ್ನು ಆ ಬಟನ್ ಹೇಳುವುದಿಲ್ಲ.