ಅಲೆ ಹೀರುವ ನ್ಯಾನೋಕಾಂಪೋಸಿಟ್: ಏನಿದು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುವವರು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಈ ಹೆಸರು ಎದುರಾಗುತ್ತದೆ. ಪ್ಲಾಸ್ಟಿಕ್‌ನಂಥ ವಸ್ತುವಿಗೆ ಅತಿ ಸಣ್ಣ ಕಣಗಳನ್ನು ಬೆರೆಸಿ, ಫೋನ್, ರೇಡಾರ್ ಬಳಸುವಂಥ ರೇಡಿಯೋ ಅಲೆಗಳನ್ನು ಹೀರಲೆಂದು ಮಾಡಿದ ಮಿಶ್ರಣ ಇದು. "ಸಿಗ್ನಲ್ ತಡೆಯೋ ಪ್ಲಾಸ್ಟಿಕ್ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ತಡೆಯುವುದು ಬೇರೆ, ಹೀರುವುದು ಬೇರೆ.

ತಡೆಯಲು ಒಂದು ತಗಡು ಸಾಕು. ಲಿಫ್ಟಿನ ಬಾಗಿಲು ಮುಚ್ಚಿದರೆ ಫೋನ್ ಕಟ್ಟಾಗುತ್ತದಲ್ಲ, ಅಷ್ಟೇ. ಲೋಹ ಅಲೆಯನ್ನು ವಾಪಸ್ ಕಳಿಸುತ್ತದೆ. ಆದರೆ ವಾಪಸ್ ಹೋದ ಅಲೆ ಇಲ್ಲವಾಗುವುದಿಲ್ಲ, ಪಕ್ಕದ ಸರ್ಕ್ಯೂಟಿಗೆ ಕಾಟ ಕೊಡುತ್ತದೆ, ವಿಮಾನಕ್ಕೆ ಬಡಿದದ್ದಾದರೆ ರೇಡಾರಿಗೆ ಸುಳಿವು ಕೊಡುತ್ತದೆ. ಹೀರುವ ವಸ್ತು ಅಲೆಯನ್ನು ಒಳಗೆ ಬಿಟ್ಟುಕೊಂಡು, ಅದರ ಶಕ್ತಿಯನ್ನು ಅಲ್ಲೇ ಶಾಖವಾಗಿಸಬೇಕು.

ಒಳಗೆ ಬಿಟ್ಟುಕೊಳ್ಳುವುದೇ ಕಷ್ಟ. ಗಾಳಿಯ ಇಂಪೀಡೆನ್ಸ್, ಅಂದರೆ ಅದರಲ್ಲಿ ಸಾಗುವ ಅಲೆಯ ವಿದ್ಯುತ್ ಭಾಗಕ್ಕೂ ಕಾಂತೀಯ ಭಾಗಕ್ಕೂ ಇರುವ ಅನುಪಾತ, ಸುಮಾರು 377 ಓಮ್. ವಸ್ತುವಿನದು ಅದಕ್ಕಿಂತ ತುಂಬಾ ಬೇರೆಯಾದರೆ ಅಲೆ ಹೊಸ್ತಿಲಲ್ಲೇ ಹಿಂತಿರುಗುತ್ತದೆ. ಅದಕ್ಕೇ ಎಪಾಕ್ಸಿಯಂಥ ಪಾಲಿಮರಿನೊಳಗೆ (ಗಟ್ಟಿಯಾಗುವ ಅಂಟಿನಂಥ ಪ್ಲಾಸ್ಟಿಕ್) ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ), ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ), ಫೆರೈಟ್ (ಕಬ್ಬಿಣದ ಆಕ್ಸೈಡ್ ಇರುವ ಕಾಂತೀಯ ವಸ್ತು) ಕಣಗಳನ್ನು ಅಳೆದು ಬೆರೆಸುತ್ತಾರೆ. ಕಾರ್ಬನ್ ಅಲೆಯ ವಿದ್ಯುತ್ ಭಾಗವನ್ನು ಸವೆಸುತ್ತದೆ, ಫೆರೈಟ್ ಕಾಂತೀಯ ಭಾಗವನ್ನು. ಜಾಸ್ತಿ ಹಾಕಿದರೆ ಜಾಸ್ತಿ ಹೀರುತ್ತದೆ ಅಂದುಕೊಳ್ಳಬೇಡಿ. ಕಾರ್ಬನ್ ಮಿತಿ ಮೀರಿದರೆ ಕಣಕ್ಕೆ ಕಣ ತಾಗಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ವಸ್ತು ಮತ್ತೆ ತಗಡಿನ ಹಾಗೇ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ.

ಬೆರೆಸುವುದರಲ್ಲೇ ಅರ್ಧ ವಿದ್ಯೆ ಇದೆ. ನ್ಯಾನೋಟ್ಯೂಬುಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ. ಸುಮ್ನೆ ಕಲಕಿದರೆ ಬಿಡುವುದಿಲ್ಲ, ಸೋನಿಕೇಟರ್ ಎಂಬ ಯಂತ್ರದ ಅಲ್ಟ್ರಾಸೌಂಡ್ ಕಂಪನದಲ್ಲಿ ಬಿಡಿಸಬೇಕು, ಬಿಸಿ ಏರದಂತೆ ಪಾತ್ರೆಯನ್ನು ಐಸಿನಲ್ಲಿ ಇಡಬೇಕು. ಆಮೇಲೆ ಹಾರ್ಡನರ್ ಹಾಕಿ, ಅಚ್ಚಿನಲ್ಲಿ ಗಟ್ಟಿ ಮಾಡಿ, 22.86 ಮಿ.ಮೀ. ಉದ್ದ, 10.16 ಮಿ.ಮೀ. ಅಗಲಕ್ಕೆ ಉಜ್ಜಿ, ಅಳತೆಗಾಗಿ ಅಲೆ ಸಾಗಿಸುವ ಲೋಹದ ಕೊಳವೆಯಾದ ವೇವ್‌ಗೈಡಿನೊಳಗೆ ಕೂರಿಸುತ್ತಾರೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅಳತೆ ಕೆಡುತ್ತದೆ. ಈ ಗಾತ್ರ 8.2ರಿಂದ 12.4 ಗಿಗಾಹರ್ಟ್ಸ್‌ವರೆಗಿನ ಎಕ್ಸ್ ಬ್ಯಾಂಡ್ ಎಂಬ ಫ್ರೀಕ್ವೆನ್ಸಿ ಪಟ್ಟಿಯದು.

ಫಲಿತಾಂಶವನ್ನು ರಿಫ್ಲೆಕ್ಷನ್ ಲಾಸ್ ಅಂತ ಡೆಸಿಬೆಲ್‌ನಲ್ಲಿ ಬರೆಯುತ್ತಾರೆ. ಹಿಂದೆ ಲೋಹದ ಹಾಳೆ ಇದೆ ಅಂದುಕೊಂಡು ಹಾಕುವ ಲೆಕ್ಕ ಇದು. ಮೈನಸ್ 10 ಅಂದರೆ ಬಿದ್ದ ಶಕ್ತಿಯಲ್ಲಿ ಶೇ. 90 ವಾಪಸ್ ಬರಲಿಲ್ಲ ಅಂತ. ಮೈನಸ್ 20 ಅಂದರೆ ಶೇ. 99. ಹಾಗಾಗಿ ಯಾರಾದರೂ ಮೈನಸ್ 50 ಬಂತು ಅಂದರೆ, ಮೈನಸ್ 20ಕ್ಕಿಂತ ಗೆದ್ದದ್ದು ಶೇ. 1ಕ್ಕೂ ಕಡಿಮೆ. ಆ ಸಂಖ್ಯೆ ಹೆಚ್ಚಾಗಿ ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ದಪ್ಪದಲ್ಲಿ ಬಂದಿರುತ್ತದೆ. ಪ್ರಬಂಧ ಓದುವಾಗ ಮೊದಲು ನೋಡಬೇಕಾದದ್ದು ಹಾಳೆ ಎಷ್ಟು ತೆಳುವಿದೆ, ಮೈನಸ್ 10ರ ಕೆಳಗೆ ಎಷ್ಟು ಗಿಗಾಹರ್ಟ್ಸ್ ಉದ್ದಕ್ಕೂ ನಿಂತಿದೆ ಅನ್ನುವುದನ್ನು.