ಜಿನ್: ಬಾಟಲಿಯದಲ್ಲ, ಹತ್ತಿಯದು

ಹುಬ್ಬಳ್ಳಿ, ಗದಗದ ಹತ್ತಿ ಪೇಟೆಯಲ್ಲಿ ‘ಜಿನ್’ ಎಂದರೆ ಯಾರೂ ಮದ್ಯವನ್ನು ನೆನೆಯುವುದಿಲ್ಲ. ಅಲ್ಲಿ ಅದು ಹತ್ತಿಯಿಂದ ಬೀಜ ಬಿಡಿಸುವ ಯಂತ್ರ. ‘ಮಾಲು ಜಿನ್ನಿಗೆ ಹೋಗಿದೆ’ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲಗಳು, ಅಂದರೆ ಅಂಡಿಗೆಗಳು, ಗಿರಣಿ ಸೇರಿವೆ ಎಂದರ್ಥ.

ಈ ಜಿನ್ ‘ಎಂಜಿನ್’ ಪದದ ತಲೆ ಹಾರಿಸಿದ ರೂಪ. ಮೂಲ ಲ್ಯಾಟಿನ್ನಿನ ‘ಇಂಗೇನಿಯಂ’, ಅಂದರೆ ಹುಟ್ಟಿನೊಂದಿಗೆ ಬಂದ ಜಾಣ್ಮೆ. ಹಳೆಯ ಫ್ರೆಂಚಿಗೆ ಬರುವ ಹೊತ್ತಿಗೆ ಜಾಣ್ಮೆಯ ಜೊತೆ ಉಪಾಯ, ಮೋಸ, ಯಂತ್ರ ಎಲ್ಲವೂ ಸೇರಿಕೊಂಡವು. ಅರಬ್ಬಿಯಲ್ಲಿ ವಿವೇಕವಾಗಿದ್ದ ‘ಹಿಕ್ಮತ್’ ನಮ್ಮಲ್ಲಿ ‘ಹಿಕಮತ್ತು’ ಆಗಿ ಕುಯುಕ್ತಿಗೆ ಇಳಿಯಲಿಲ್ಲವೇ, ಹಾಗೆ. ಇಂಗ್ಲಿಷರು ಪ್ರಾಣಿ ಹಿಡಿಯುವ ಬೋನಿಗೂ ಭಾರ ಎತ್ತುವ ಸಾಧನಕ್ಕೂ ಜಿನ್ ಎಂದೇ ಕರೆದರು. ಎಂಜಿನಿಯರ್ ಕೂಡ ಇದೇ ಮನೆತನದವನು.

ಅಮೆರಿಕದ ಎಲಿ ವಿಟ್ನಿ 1794ರಲ್ಲಿ ಪೇಟೆಂಟ್ ಪಡೆದ ಜಿನ್‌ನಲ್ಲಿ ಇದ್ದದ್ದು ತಂತಿ ಹಲ್ಲುಗಳ ಉರುಳೆ. ಹಲ್ಲು ನಾರನ್ನು ಕಿರಿದಾದ ಸಂದಿಯಿಂದ ಎಳೆದುಕೊಳ್ಳುತ್ತದೆ, ತೂರಲಾರದ ಬೀಜ ಈಚೆಗೇ ಉಳಿಯುತ್ತದೆ. ತಂತಿಯ ಜಾಗಕ್ಕೆ ಗರಗಸದ ಬಿಲ್ಲೆಗಳು ಬಂದ ಮೇಲೆ ಅದು ‘ಸಾ ಜಿನ್’ ಆಯಿತು. 19ನೇ ಶತಮಾನದಲ್ಲಿ ನಮ್ಮ ಸೀಮೆಯಲ್ಲಿ ಬೆಳೆದ ಅಮೆರಿಕನ್ ತಳಿಯ ಹತ್ತಿಗೆ ಪೇಟೆಯಲ್ಲಿದ್ದ ಹೆಸರೇ ‘ಸಾ ಜಿನ್ಡ್ ಧಾರವಾರ್’. ಪೇಡೆಗೆ ಮೊದಲೇ ಊರಿನ ಹೆಸರನ್ನು ಹೊರನಾಡಿಗೆ ಒಯ್ದದ್ದು ಬಹುಶಃ ಈ ಹತ್ತಿಯೇ!

ಗರಗಸಕ್ಕೆ ವೇಗ ಹೆಚ್ಚು, ಆದರೆ ಉದ್ದ ಎಳೆಗಳನ್ನು ಅದು ತುಂಡರಿಸುತ್ತದೆ. ಹಾಗಾಗಿ ಈಗ ನಮ್ಮ ಗಿರಣಿಗಳಲ್ಲಿ ಹೆಚ್ಚಾಗಿ ಕಾಣುವುದು ಜೋಡಿ ರೋಲರ್‌ಗಳ ಜಿನ್. ಒರಟು ಮೈಯ ರೋಲರ್ ನಾರನ್ನು ಕಚ್ಚಿ ಎಳೆಯುತ್ತದೆ, ಒತ್ತಿ ನಿಂತ ಅಲಗು ಬೀಜವನ್ನು ತಡೆಯುತ್ತದೆ, ಅತ್ತಿತ್ತ ಆಡುವ ಇನ್ನೊಂದು ಅಲಗು ಅದನ್ನು ಬಡಿದು ಉದುರಿಸುತ್ತದೆ. ಒಳಗೆ ಹೋದ ತೂಕದಲ್ಲಿ ಅರಳೆಯಾಗಿ ಬರುವುದು ಮೂರರಲ್ಲಿ ಒಂದು ಪಾಲು ಮಾತ್ರ. ಅದನ್ನು ಒತ್ತಿ ಕಟ್ಟಿದರೆ 170 ಕಿಲೋ ತೂಕದ ಬೇಲ್. ಉಳಿದ ಹತ್ತಿಕಾಳು ಎಣ್ಣೆಗೂ ಆಯಿತು, ಎಮ್ಮೆಗೂ ಆಯಿತು.

ಬಾಟಲಿಯ ಜಿನ್ ಬೇರೆಯೇ ಬಳ್ಳಿಯದು. ಜುನಿಪರ್ ಗಿಡದ ಕಾಯಿಯ ಘಮ ಹಾಕಿದ ಡಚ್ ಮದ್ಯ ‘ಯೆನೇವರ್’; ಅದರ ಹೆಸರನ್ನು ಇಂಗ್ಲಿಷರು ಮೊಟಕುಗೊಳಿಸಿದರು. ಅಜ್ಜಿಯರ ಕಥೆಯಲ್ಲಿ ಬಂದು ಮೈಮೇಲೆ ಏರುವ ಜಿನ್ನು ಅರಬ್ಬಿಯದು; ಮರೆಯಾಗಿರುವುದು ಎಂಬರ್ಥದ ಧಾತು ಅದರ ಮೂಲ. ಲಕ್ಷ್ಮೇಶ್ವರದ ಬಸದಿಗಳ ‘ಜಿನ’ನಂತೂ ಸಂಸ್ಕೃತದವನು, ಗೆದ್ದವನು ಎಂದರ್ಥ.